ಮೊದಲು ಹೆಗಲಿಗೆ, ಆಮೇಲೆ ಹೊಟ್ಟೆಗೆ

ಡಿಸೆಂಬರ್ ಸಂಜೆ, ಗಂಟೆ ಆರೂ ಹತ್ತು. ಬೀದಿದೀಪ ಆಗಲೇ ಹತ್ತಿಕೊಂಡಿದೆ. ನಮ್ಮ ಬಡಾವಣೆಯ ತಿರುವಿನಲ್ಲಿ ನಿಲ್ಲುವ ಬಜ್ಜಿ ಗಾಡಿಯ ಸುತ್ತ ಹದಿನೈದು ಜನ. ಏಪ್ರಿಲ್‌ನಲ್ಲಿ ಇದೇ ಹೊತ್ತಿಗೆ ಇದೇ ಗಾಡಿಯ ಮುಂದೆ ನಾಲ್ಕು ಮಂದಿ ಇದ್ದರೆ ಹೆಚ್ಚು. ಗಾಡಿಯವನು ಜಾಲರಿ ಸೌಟಿನಲ್ಲಿ ಮೆಣಸಿನಕಾಯಿ ಬಜ್ಜಿಗಳನ್ನು ಎತ್ತಿ, ಬಾಣಲೆಯ ಅಂಚಿಗೆ ಎರಡು ಸಲ ಕುಟ್ಟಿ, ಹಳೆಯ ಪತ್ರಿಕೆಯ ಹಾಳೆಗೆ ಸುರಿದು ಕೊಡುತ್ತಾನೆ. ಆಮೇಲೆ ನಡೆಯುವುದನ್ನು ಕಳೆದ ವಾರ ಪಕ್ಕಕ್ಕೆ ನಿಂತು ನೋಡಿದೆ. ಪೊಟ್ಟಣ ಕೈಗೆ ಬಂದವರು ಯಾರೂ ತಕ್ಷಣ ಬಾಯಿಗೆ ಹಾಕಿಕೊಳ್ಳುವುದಿಲ್ಲ. ಎರಡೂ ಅಂಗೈಯಲ್ಲಿ ಹಿಡಿದುಕೊಳ್ಳುತ್ತಾರೆ. ಒಬ್ಬಾಕೆ ಅದನ್ನು ಕೆನ್ನೆಯ ಹತ್ತಿರ ತಂದು ಹಬೆ ತಾಗಿಸಿಕೊಂಡರು. ಹೆಲ್ಮೆಟ್ಟನ್ನೂ ತೆಗೆಯದ ಡೆಲಿವರಿ ಹುಡುಗನೊಬ್ಬ ಪೊಟ್ಟಣದ ಅಡಿಗೆ ಬೆರಳು ಮಡಚಿಟ್ಟು ಒಂದು ನಿಮಿಷ ಹಾಗೇ ನಿಂತಿದ್ದ. ತಿನ್ನುವುದು ಆಮೇಲೆ ಶುರುವಾಯಿತು.

ಆ ಒಂದು ನಿಮಿಷದ ಬಗ್ಗೆಯೇ ಈ ವಾರದ ಅಂಕಣ. ಮಾಗಿ ಬಂತೆಂದರೆ ಹಸಿವು ಜಾಸ್ತಿ ಎನ್ನುತ್ತೇವೆ. ನವೆಂಬರಿನಲ್ಲಿ ಸರಿಯಾಗಿದ್ದ ಬೆಲ್ಟು ಫೆಬ್ರವರಿಯಲ್ಲಿ ಒಂದು ತೂತು ಹಿಂದಕ್ಕೆ ಸರಿದಿರುತ್ತದೆ. ‘ಚಳಿಗಾಲ ಅಲ್ವಾ, ಮೈಗೆ ಬೇಕಾಗುತ್ತೆ’ ಎಂದು ಸಮಾಧಾನ ಮಾಡಿಕೊಳ್ಳುತ್ತೇವೆ. ಮೈಗೆ ಏನೋ ಬೇಕಾಗುವುದು ನಿಜ. ಅದು ಕೇಳುವುದು ಬಿಸಿಯನ್ನು. ನಮ್ಮ ಕಿವಿಗೆ ಅದು ಹಸಿವೆಂದು ಕೇಳಿಸುತ್ತದೆ.

ಹಾಸನದ ಕಡೆಯ ನಮ್ಮ ಊರಿನಲ್ಲಿ ಶಾಲೆಯಿಂದ ನಡುಗುತ್ತಾ ಬಂದು ‘ಅಮ್ಮಾ, ತಿನ್ನೋಕೆ ಕೊಡು’ ಎಂದರೆ ಅಮ್ಮ ಒಂದೇ ಮಾತು ಹೇಳುತ್ತಿದ್ದಳು: ‘ಮೊದ್ಲು ಹೆಗಲಿಗೆ ಹಾಕ್ಕೊ, ಆಮೇಲೆ ಹೊಟ್ಟೆಗೆ ಹಾಕ್ತೀನಿ.’ ಟವೆಲ್ಲೋ ಹಳೆ ಶಾಲೋ ಹೊದ್ದುಕೊಂಡು ಬಚ್ಚಲೊಲೆಯ ಮುಂದೆ ಕುಕ್ಕರಗಾಲಲ್ಲಿ ಕೂರಬೇಕು. ಹತ್ತು ನಿಮಿಷ ಕಳೆದ ಮೇಲೆ ‘ಈಗ ಏನು ಬೇಕು?’ ಎಂದು ಕೇಳುತ್ತಿದ್ದಳು. ಎಷ್ಟೋ ದಿನ ಏನೂ ಬೇಡವಾಗಿರುತ್ತಿತ್ತು. ಅದು ಖರ್ಚು ಉಳಿಸುವ ಉಪಾಯ ಎಂದುಕೊಂಡಿದ್ದೆ. ಅದರ ಹಿಂದೆ ಶರೀರಶಾಸ್ತ್ರವೂ ಇತ್ತೆಂದು ತಿಳಿಯಲು ನನಗೆ ನಲವತ್ತು ವರ್ಷ ಬೇಕಾಯಿತು.

ನಮ್ಮ ಒಳಮೈ ಸುಮಾರು 37 ಡಿಗ್ರಿ ಸೆಲ್ಸಿಯಸ್‌ನಲ್ಲೇ ಇರಬೇಕು. ಹೊರಗೆ ತಣ್ಣಗಾದರೆ ಮೈ ಮೊದಲು ಚರ್ಮದ ರಕ್ತನಾಳಗಳನ್ನು ಕುಗ್ಗಿಸುತ್ತದೆ. ಬಿಸಿ ರಕ್ತ ಒಳಗೇ ಉಳಿಯುತ್ತದೆ, ಕೈಕಾಲು ತಣ್ಣಗಾಗುತ್ತವೆ. ಅದೂ ಸಾಲದಿದ್ದರೆ ಸ್ನಾಯುಗಳನ್ನು ನಡುಗಿಸಿ ಶಾಖ ಹುಟ್ಟಿಸುತ್ತದೆ. ನಡುಕಕ್ಕೆ ಇಂಧನ ಚೆನ್ನಾಗಿಯೇ ಖರ್ಚಾಗುತ್ತದೆ. ಹಾಗಾಗಿ ಹಿಮದಲ್ಲಿ ದಿನವಿಡೀ ದುಡಿಯುವವರಿಗೆ ಹೆಚ್ಚು ಊಟ ಬೇಕೇ ಬೇಕು. ನಮ್ಮ ಪಾಡೇನು? ಬೆಂಗಳೂರಿನಲ್ಲಿ ಡಿಸೆಂಬರ್–ಜನವರಿಯ ನಸುಕಿನ ತಾಪಮಾನ ಸಾಮಾನ್ಯವಾಗಿ 15–16 ಡಿಗ್ರಿಯ ಆಸುಪಾಸು. ಈ ಊರು ಕಂಡ ಅತಿ ಕಡಿಮೆ ಉಷ್ಣತೆ 7.8 ಡಿಗ್ರಿ, ಅದೂ 1884ರ ಜನವರಿ 13ರಂದು. ಬೀದರ್, ವಿಜಯಪುರಗಳಲ್ಲಿ ಕೆಲವು ರಾತ್ರಿ ಹತ್ತು ಡಿಗ್ರಿಗಿಂತ ಕೆಳಗಿಳಿಯುವುದುಂಟು. ಆದರೆ ಆ ಹೊತ್ತಿನಲ್ಲಿ ನಾವಿರುವುದು ರಗ್ಗಿನೊಳಗೆ, ಕಿಟಕಿ ಮುಚ್ಚಿದ ಕೋಣೆಯಲ್ಲಿ. ನಡುಗುವ ಪ್ರಸಂಗವೇ ಇಲ್ಲ. ನಡುಗದ ಮೈಗೆ ಚಳಿಯ ಲೆಕ್ಕದಲ್ಲಿ ಹೆಚ್ಚುವರಿ ಊಟ ಬೇಕಾಗುವುದು ತೀರಾ ಅಲ್ಪ.

‘ಚಳಿಯಲ್ಲಿ ಕೊಬ್ಬು ಕರಗುತ್ತದಂತೆ’ ಎನ್ನುವವರೂ ಇದ್ದಾರೆ. ಅವರ ಮಾತಿನಲ್ಲಿ ಒಂದು ಎಳೆ ನಿಜವಿದೆ. ನಮ್ಮ ಮೈಯಲ್ಲಿ ಕೂಡಿಡುವ ಬಿಳಿ ಕೊಬ್ಬಿನ ಜೊತೆಗೆ, ಉರಿದು ಶಾಖ ಕೊಡುವ ಕಂದು ಕೊಬ್ಬೂ ಸ್ವಲ್ಪ ಇದೆ. ಅದು ಹಸುಗೂಸುಗಳಲ್ಲಿ ಮಾತ್ರ ಮುಖ್ಯ ಎಂದು ಬಹಳ ಕಾಲ ನಂಬಿದ್ದರು. 2009ರಲ್ಲಿ ನೆದರ್ಲೆಂಡ್ಸ್‌ನ ಮಾಸ್ಟ್ರಿಕ್ಟ್‌ನ ಸಂಶೋಧಕರು 24 ಆರೋಗ್ಯವಂತ ಗಂಡಸರನ್ನು 16 ಡಿಗ್ರಿಯ ಕೋಣೆಯಲ್ಲಿ ಕೂರಿಸಿ ಸ್ಕ್ಯಾನ್ ಮಾಡಿದಾಗ 23 ಜನರಲ್ಲಿ ಕಂದು ಕೊಬ್ಬು ಕೆಲಸ ಮಾಡುತ್ತಿರುವುದು ಕಂಡಿತು. 16 ಡಿಗ್ರಿ ಎಂದರೆ ಲಾಲ್‌ಬಾಗಿನ ಜನವರಿ ಮುಂಜಾನೆ! ಆದರೆ ಹಿಗ್ಗುವ ಮುನ್ನ ಇನ್ನೊಂದು ಮಾತು. ತೂಕ ಹೆಚ್ಚಿದ್ದವರಲ್ಲಿ ಆ ಕೊಬ್ಬಿನ ಚಟುವಟಿಕೆ ಕಡಿಮೆಯಿತ್ತು. ಒಟ್ಟಿನಲ್ಲಿ ಅದು ಉರಿಸುವ ಕ್ಯಾಲೊರಿಯೂ ಒಂದು ತಟ್ಟೆ ಬೋಂಡಾಕ್ಕೆ ಸಾಟಿಯಾಗುವಂಥದ್ದಲ್ಲ.

ಹಾಗಿದ್ದರೆ ಸಂಜೆಯ ಹಸಿವು ಎಲ್ಲಿಂದ ಬಂತು? ಅರ್ಧ ಉತ್ತರ ಗಡಿಯಾರದಲ್ಲಿದೆ. ಬೆಂಗಳೂರಿನಲ್ಲಿ ವರ್ಷದ ಅತಿ ಬೇಗನೆಯ ಸೂರ್ಯಾಸ್ತ ನವೆಂಬರ್ ಮೂರನೇ ವಾರದಲ್ಲಿ, ಆರಕ್ಕೆ ಹತ್ತು ನಿಮಿಷ ಇರುವಾಗಲೇ. ಅತಿ ತಡವಾದ ಸೂರ್ಯೋದಯ ಜನವರಿ ಕೊನೆಯಲ್ಲಿ, ಆರೂಮುಕ್ಕಾಲರ ಹೊತ್ತಿಗೆ. ಮೇ ತಿಂಗಳಿಗೆ ಹೋಲಿಸಿದರೆ ಬೆಳಗು ಸುಮಾರು ಒಂದು ಗಂಟೆ ಹಿಂದೆ ಬಿದ್ದಿರುತ್ತದೆ. ಪಾರ್ಕಿನಲ್ಲಿ ಐದೂಮುಕ್ಕಾಲಕ್ಕೆ ನಡೆಯುತ್ತಿದ್ದವರು ‘ಇನ್ನೂ ಕತ್ತಲೆ’ ಎಂದು ಮಗ್ಗುಲು ಬದಲಿಸುತ್ತಾರೆ. ಸಂಜೆ ಕೆಲಸ ಮುಗಿಸಿ ಹೊರಬಂದರೆ ಕತ್ತಲೆ, ನೇರ ಮನೆಗೆ. ಹಾಗಾಗಿ ನಡಿಗೆ ಎರಡೂ ತುದಿಯಲ್ಲಿ ಕತ್ತರಿಸಿಹೋಗುತ್ತದೆ. ಏಳಕ್ಕೆ ಸೋಫಾ ಸೇರಿ ಹತ್ತೂವರೆಯವರೆಗೆ ಟೀವಿಯ ಮುಂದೆ ರಗ್ಗು ಹೊದ್ದು ಕೂತರೆ ಮೂರೂವರೆ ಗಂಟೆ ಬಾಯಿಗೆ ಕೆಲಸವಿಲ್ಲ. ಹಸಿವಿಗಿಂತ ಆ ಬಿಡುವೇ ನಮ್ಮನ್ನು ಡಬ್ಬಿಯ ಕಡೆಗೆ ಕಳುಹಿಸುತ್ತದೆ. ರಾತ್ರಿ ಮೊಬೈಲು ಹಿಡಿದು ನಿದ್ದೆಗೆಟ್ಟರಂತೂ ಮರುದಿನ ಹಸಿವು ಕೆರಳಿಸುವ ಗ್ರೆಲಿನ್ ಏರುತ್ತದೆ, ‘ಸಾಕು’ ಎನ್ನುವ ಲೆಪ್ಟಿನ್ ಇಳಿಯುತ್ತದೆ.

ಉತ್ತರ ದೇಶಗಳಲ್ಲಿ ಈ ಕತ್ತಲೆ ಇನ್ನೂ ಗಟ್ಟಿ. ಲಂಡನ್ನಿನ ಡಿಸೆಂಬರ್ ಹಗಲು ಎಂಟು ಗಂಟೆಯೂ ಇರುವುದಿಲ್ಲ, ಚಿಕಾಗೋದಲ್ಲಿ ಒಂಬತ್ತು ಗಂಟೆ ಚಿಲ್ಲರೆ. ಅಲ್ಲಿ ಕೆಲವರಿಗೆ ಚಳಿಗಾಲದಲ್ಲಿ ಮನಸ್ಸು ಕುಗ್ಗುತ್ತದೆ, ನಿದ್ದೆ ಹೆಚ್ಚುತ್ತದೆ, ಬ್ರೆಡ್ಡು–ಸಿಹಿಗಳ ಮೇಲೆ ಆಸೆ ಮಿತಿಮೀರುತ್ತದೆ. 1984ರಲ್ಲಿ ನಾರ್ಮನ್ ರೋಸೆಂತಾಲ್ ಮತ್ತು ಸಂಗಡಿಗರು ಇದನ್ನು ಋತುಮಾನದ ಖಿನ್ನತೆ ಎಂದು ವಿವರಿಸಿದರು. ಅಲ್ಲಿಗೆ ಹೋಗಿ ನೆಲೆಸಿದ ಕನ್ನಡದ ಕುಟುಂಬಗಳು ಮೊದಲ ಚಳಿಗಾಲದಲ್ಲೇ ಇದರ ರುಚಿ ನೋಡಿರುತ್ತವೆ. ಊರಿನ ನೆನಪು ಒತ್ತರಿಸಿದಾಗ ಅಡುಗೆಮನೆಯಲ್ಲಿ ಬಿಸಿಬೇಳೆಬಾತು, ಅದರ ಮೇಲೆ ತುಪ್ಪ, ಪಕ್ಕದಲ್ಲಿ ಬೂಂದಿ. ಅವರಿಗೆ ಕೊಡಬಹುದಾದ ಮೊದಲ ಸಲಹೆ ಬೆಳಕಿನದೇ: ಬಿಸಿಲಿದ್ದಷ್ಟು ಹೊತ್ತು ಹೊರಗೆ ಹೋಗಿ. ಮಂಕು ವಾರಗಟ್ಟಲೆ ಬಿಡದಿದ್ದರೆ ವೈದ್ಯರನ್ನು ಕಾಣಿ. ಕರ್ನಾಟಕದಲ್ಲಿ ಅತಿ ಚಿಕ್ಕ ಹಗಲೂ ಹನ್ನೊಂದು ಗಂಟೆಗೆ ಕಡಿಮೆಯಿಲ್ಲ. ನಮ್ಮ ಹಸಿವನ್ನೆಲ್ಲ ಕತ್ತಲೆಯ ತಲೆಗೆ ಕಟ್ಟುವಂತಿಲ್ಲ.

ಈಗ ತೂಕದ ಲೆಕ್ಕಕ್ಕೆ ಬರೋಣ. ಚಳಿಗಾಲದಲ್ಲಿ ಮೂರು ಕೆಜಿ ಏರಿದೆ ಎಂದು ಗೊಣಗುವವರು ಬಹಳ. 2000ದಲ್ಲಿ ಅಮೆರಿಕದ ರಾಷ್ಟ್ರೀಯ ಆರೋಗ್ಯ ಸಂಸ್ಥೆಯ ಜಾಕ್ ಯಾನೋವ್ಸ್ಕಿ ತಂಡ 195 ಜನರನ್ನು ತಕ್ಕಡಿಯ ಮೇಲೆ ನಿಲ್ಲಿಸಿಯೇ ನೋಡಿತು. ಸೆಪ್ಟೆಂಬರ್ ಕೊನೆಯಿಂದ ಫೆಬ್ರವರಿ–ಮಾರ್ಚ್‌ವರೆಗೆ ಸರಾಸರಿ ಏರಿದ್ದು 0.48 ಕೆಜಿ. ಅದರಲ್ಲಿ 0.37 ಕೆಜಿ ನವೆಂಬರಿನಿಂದ ಹೊಸ ವರ್ಷದವರೆಗಿನ ಹಬ್ಬದ ವಾರಗಳಲ್ಲೇ ಬಂದಿತ್ತು. ಅರ್ಧ ಕೆಜಿ ತಾನೇ ಎನ್ನಬೇಡಿ. ಮುಂದಿನ ಬೇಸಿಗೆ ಬಂದು ಹೋದರೂ ಅದು ಇಳಿದಿರಲಿಲ್ಲ. ಹತ್ತು ಮಾಗಿ ಕಳೆದರೆ ಐದು ಕೆಜಿ! ಇನ್ನೊಂದು ಸ್ವಾರಸ್ಯವೆಂದರೆ, ಎಷ್ಟು ಪಾರ್ಟಿಗೆ ಹೋದರು ಎನ್ನುವುದಕ್ಕೂ ಏರಿದ ತೂಕಕ್ಕೂ ನಂಟು ಕಾಣಲಿಲ್ಲ. ನಂಟಿದ್ದದ್ದು ಎರಡಕ್ಕೆ: ಹಸಿವು ಎಷ್ಟಿತ್ತು, ಓಡಾಟ ಎಷ್ಟಿತ್ತು.

ಈ ಅರ್ಧ ಕೆಜಿಯನ್ನು ನಮ್ಮ ಅಡುಗೆಮನೆಯ ಅಳತೆಗೆ ಇಳಿಸಿ ನೋಡಿದೆ. ಒಂದು ಕೆಜಿ ಮೈಕೊಬ್ಬೆಂದರೆ ಸುಮಾರು 7,700 ಕ್ಯಾಲೊರಿ. ಅರ್ಧ ಕೆಜಿಗೆ 3,850. ಮೂರು ತಿಂಗಳ 90 ದಿನಕ್ಕೆ ಹಂಚಿದರೆ ದಿನಕ್ಕೆ 43 ಕ್ಯಾಲೊರಿ. ಒಂದು ಟೀ ಚಮಚ ಎಣ್ಣೆಯಲ್ಲಿ 45 ಇರುತ್ತದೆ. ಮೈ ಇಷ್ಟು ಕರಾರುವಾಕ್ಕಾಗಿ ಜಮಾ–ಖರ್ಚು ಬರೆಯುವುದಿಲ್ಲ, ನಿಜ. ಆದರೂ ದಾರಿ ಯಾವುದೆಂದು ತಿಳಿಯಲು ಈ ಲೆಕ್ಕ ಸಾಕು. ಸಂಕ್ರಾಂತಿಯ ಒಂದು ದಿನದ ಪೊಂಗಲ್ಲು ಬೆಲ್ಟಿನ ತೂತನ್ನು ಸರಿಸುವುದಿಲ್ಲ. ಹಬ್ಬವಲ್ಲದ ಎಂಬತ್ತೊಂಬತ್ತು ದಿನಗಳಲ್ಲಿ, ಗೊತ್ತೇ ಆಗದಂತೆ ಇಳಿಯುವ ಒಂದೊಂದು ಚಮಚ ಎಣ್ಣೆ ಸರಿಸುತ್ತದೆ. ದಿನಕ್ಕೆ ಎರಡರ ಬದಲು ನಾಲ್ಕು ಕಾಫಿ ಆಯಿತೆನ್ನಿ. ತಲಾ ಎರಡು ಚಮಚ ಸಕ್ಕರೆ ಎಂದರೆ ಹೆಚ್ಚುವರಿಯಾಗಿ 20 ಗ್ರಾಂ, 80 ಕ್ಯಾಲೊರಿ. ಹಾಲನ್ನು ಇನ್ನೂ ಲೆಕ್ಕಕ್ಕೆ ಹಿಡಿದಿಲ್ಲ.

ಹಾಗಾದರೆ ನಮ್ಮ ಹಿರಿಯರು ಮಾಗಿಯಲ್ಲಿ ಎಳ್ಳು, ಬೆಲ್ಲ, ಕಡಲೆಕಾಯಿ, ತುಪ್ಪ ಸುರಿದ ಹುಗ್ಗಿ ತಿಂದದ್ದು ತಪ್ಪೇ? ತಪ್ಪಲ್ಲ. ಅವರು ಆ ಹೊತ್ತಿನಲ್ಲಿ ಏನು ಮಾಡುತ್ತಿದ್ದರು ಎಂಬುದನ್ನು ನಾವು ಮರೆತಿದ್ದೇವೆ, ಅಷ್ಟೇ. ನಮ್ಮೂರಲ್ಲಿ ರಾಗಿ ಕುಯ್ದು ಮೆದೆ ಹಾಕಿದ ಮೇಲೆ ಕಣ ಮಾಡಿ ಒಕ್ಕಣೆ ಹೂಡುತ್ತಿದ್ದುದು ಇದೇ ದಿನಗಳಲ್ಲಿ. ನೆಲ ಕೆತ್ತಿ ಸಗಣಿ ಸಾರಿಸಿ, ತೆನೆ ಹರಡಿ, ಎತ್ತು ಹೂಡಿ ಗುಂಡು ಸುತ್ತಿಸಿ, ಹುಲ್ಲು ಕೊಡವಿ, ಗಾಳಿಗೆ ತೂರಿ, ರಾಶಿ ಮಾಡಿ, ರಾತ್ರಿ ಕಣದಲ್ಲೇ ಕಂಬಳಿ ಹೊದ್ದು ಕಾವಲು ಮಲಗುವುದು. ಮಂಜು ಕಂಬಳಿಯ ಮೇಲೆ ಹನಿಯಾಗಿ ಕೂತಿರುತ್ತಿತ್ತು. ಬೆಳಿಗ್ಗೆ ಅವರು ಉಣ್ಣುತ್ತಿದ್ದ ಎರಡು ಮುದ್ದೆ, ಹಿದುಕಿದ ಅವರೆ ಸಾರು ಮಧ್ಯಾಹ್ನದೊಳಗೆ ಬೆವರಾಗಿರುತ್ತಿತ್ತು. ಆ ದುಡಿಮೆ ಈಗ ಯಂತ್ರದ ಪಾಲಾಗಿದೆ. ತಿನಿಸು ಮಾತ್ರ ನಮ್ಮ ಪಾಲಿಗೆ ಪೂರ್ತಿ ಉಳಿದಿದೆ. ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಐದನೇ ಸುತ್ತಿನ ಪ್ರಕಾರ ಕರ್ನಾಟಕದ ವಯಸ್ಕ ಗಂಡಸರಲ್ಲೂ ಹೆಂಗಸರಲ್ಲೂ ಹತ್ತರಲ್ಲಿ ಮೂವರ ತೂಕ ಮಿತಿಗಿಂತ ಹೆಚ್ಚು.

ಆಯುರ್ವೇದದ ಆಧಾರ ಕೊಡುವವರಿಗೂ ಒಂದು ಮಾತು. ಹೇಮಂತದಲ್ಲಿ ಜಠರಾಗ್ನಿ ಬಲವಾಗಿರುತ್ತದೆ, ಜಿಡ್ಡಿನ ಅಡುಗೆ, ಉದ್ದು, ಗೋಧಿ, ಬೆಲ್ಲ, ಹೊಸ ಅಕ್ಕಿ ಒಗ್ಗುತ್ತವೆ ಎಂದು ವಾಗ್ಭಟನ ಅಷ್ಟಾಂಗಹೃದಯದ ಋತುಚರ್ಯೆಯಲ್ಲಿ ಇರುವುದು ನಿಜ. ವಾಟ್ಸ್ಆ್ಯಪ್‌ನಲ್ಲಿ ಓಡಾಡುವುದೂ ಇಷ್ಟೇ. ಅದೇ ಜಾಗದಲ್ಲಿ ಎಣ್ಣೆ ತಿಕ್ಕಿಸಿಕೊಳ್ಳಿ, ಬಲ್ಲವರ ಜೊತೆ ಕುಸ್ತಿ ಮಾಡಿ, ಬಿಸಿಲು ಕಾಯಿಸಿಕೊಳ್ಳಿ, ಬೆಚ್ಚನೆಯ ಹೊದಿಕೆ ಹೊದೆಯಿರಿ, ಕಾಲಿಗೆ ಸದಾ ಪಾದರಕ್ಷೆ ಇರಲಿ ಎಂದೂ ಇದೆ. ತುಪ್ಪವನ್ನು ಉಳಿಸಿಕೊಂಡು ಕುಸ್ತಿಯನ್ನು ಕೈಬಿಟ್ಟವರು ನಾವು. ಹೆಗಲಿಗೆ ಹಾಕಿಕೊಳ್ಳುವುದು, ಕಾಲಿಗೆ ಮೆಟ್ಟಿಕೊಳ್ಳುವುದು, ಬಿಸಿಲಿಗೆ ಕೂರುವುದು ಎಲ್ಲವೂ ಆ ಪಟ್ಟಿಯಲ್ಲಿದ್ದವು. ಅಮ್ಮ ಅಷ್ಟಾಂಗಹೃದಯ ಓದಿದವಳಲ್ಲ.

ಉತ್ತರ ಕರ್ನಾಟಕದ ಎಳ್ಳಮಾಸಿ ಇದಕ್ಕಿಂತ ಒಳ್ಳೆಯ ಪಾಠ. ಮಾರ್ಗಶಿರದ ಕೊನೆಯ ಎಳ್ಳ ಅಮಾವಾಸ್ಯೆಯ ದಿನ ಬೀದರ್, ಕಲಬುರಗಿ, ವಿಜಯಪುರದ ಕಡೆಯ ಮನೆಮಂದಿಯೆಲ್ಲ ಬುತ್ತಿ ಕಟ್ಟಿಕೊಂಡು ಹೊಲಕ್ಕೆ ಹೋಗುತ್ತಾರೆ. ಎದೆಮಟ್ಟ ಬೆಳೆದ ಹಿಂಗಾರಿ ಜೋಳದ ನಡುವೆ ಪೂಜೆ ಮಾಡಿ, ಚರಗ ಚೆಲ್ಲಿ, ಅಲ್ಲೇ ಕೂತು ಉಣ್ಣುತ್ತಾರೆ. ಎಲೆಯಲ್ಲಿ ಎಳ್ಳು ಹಚ್ಚಿದ ಸಜ್ಜಿ ರೊಟ್ಟಿ, ಶೇಂಗಾ ಹೋಳಿಗೆ, ಮಜ್ಜಿಗೆ ಹಾಕಿದ ಜೋಳದ ಅಂಬಲಿ, ಭಜ್ಜಿ. ಈ ಭಜ್ಜಿಗೂ ನಮ್ಮ ಗಾಡಿಯ ಬಜ್ಜಿಗೂ ಒಂದು ಮಹಾಪ್ರಾಣದಷ್ಟೇ ಅಂತರ ಎಂದುಕೊಂಡಿರಾದರೆ ಮೋಸಹೋದಿರಿ. ಅವರ ಭಜ್ಜಿ ಎಂದರೆ ಹಸಿ ತೊಗರಿ, ಹಸಿ ಕಡಲೆ, ಮೆಂತ್ಯ, ಪಾಲಕ್, ಗಜ್ಜರಿ, ಬದನೆ ಹೀಗೆ ಆ ಕಾಲಕ್ಕೆ ಸಿಕ್ಕ ಕಾಳು, ಸೊಪ್ಪು, ಕಾಯಿಗಳನ್ನೆಲ್ಲ ಒಂದೇ ಪಾತ್ರೆಯಲ್ಲಿ ಮೆತ್ತಗೆ ಕುದಿಸಿದ ಪಲ್ಯ. ಬಾಯಿಗೆ ಬಿಸಿ, ಹೊಟ್ಟೆಗೆ ತುಂಬು, ನಾರು ಧಾರಾಳ, ಎಣ್ಣೆ ಒಗ್ಗರಣೆಗಷ್ಟೇ. ಹೋಳಿಗೆ ಇದ್ದೇ ಇದೆ, ಆದರೆ ಅದಕ್ಕೆ ಮುಂಚೆ ಹೊಟ್ಟೆಯ ಮುಕ್ಕಾಲು ಭಾಗವನ್ನು ಭಜ್ಜಿ–ಅಂಬಲಿ ಹಿಡಿದಿರುತ್ತದೆ. ಮೇಲಾಗಿ ಹೊಲದಲ್ಲಿ ದಿನವಿಡೀ ಬಿಸಿಲು.

ಕಾಳಿನ ಮಾತು ಬಂತಲ್ಲ, ಅದರಲ್ಲಿ ಇನ್ನೊಂದು ಗುಟ್ಟಿದೆ. ಉಂಡದ್ದನ್ನು ಅರಗಿಸಲು ಮೈ ತಾನೇ ಒಂದಷ್ಟು ಇಂಧನ ಉರಿಸುತ್ತದೆ. ಉಂಡಾದ ಮೇಲೆ ಮೈ ಬೆಚ್ಚಗಾಗುವುದು ಇದರಿಂದಲೇ. ನೂರು ಕ್ಯಾಲೊರಿಯಷ್ಟು ಪ್ರೋಟೀನ್ ತಿಂದರೆ 20ರಿಂದ 30 ಅರಗಿಸುವುದಕ್ಕೇ ಹೋಗುತ್ತದೆ. ಪಿಷ್ಟಕ್ಕೆ 5ರಿಂದ 10. ಕೊಬ್ಬಿಗೆ ಹೆಚ್ಚೆಂದರೆ 3. ಅಂದರೆ ‘ಚಳಿಗೆ ಎಣ್ಣೆ ತಿಂಡಿ ತಿಂದರೆ ಮೈ ಬಿಸಿಯಾಗುತ್ತೆ’ ಎಂಬ ನಂಬಿಕೆ ತಲೆಕೆಳಗು. ಒಳಗಿನ ಒಲೆಯನ್ನು ಎಲ್ಲಕ್ಕಿಂತ ಕಡಿಮೆ ಹೊತ್ತಿಸುವುದು ಎಣ್ಣೆಯೇ. ಬಜ್ಜಿ ಕೊಡುವ ಬಿಸಿ ಬಾಣಲೆಯದು, ಹತ್ತು ನಿಮಿಷಕ್ಕೆ ಆರಿಹೋಗುತ್ತದೆ. ಅವರೆಕಾಳಿನ ಸಾರು, ಹೆಸರುಬೇಳೆ ಧಾರಾಳವಾಗಿ ಬಿದ್ದ ಧನುರ್ಮಾಸದ ಹುಗ್ಗಿ, ಮೊಟ್ಟೆ, ಮೀನು ಕೊಡುವ ಬಿಸಿ ಒಳಗಿನದು, ಗಂಟೆಗಟ್ಟಲೆ ಇರುತ್ತದೆ. ಗುಂಡು ಹಾಕಿದರೆ ಚಳಿ ಓಡುತ್ತದೆ ಎನ್ನುವವರದೂ ಇದೇ ಭ್ರಮೆ. ಮದ್ಯ ಚರ್ಮದ ರಕ್ತನಾಳ ಹಿಗ್ಗಿಸಿ ಒಳಗಿನ ಶಾಖವನ್ನು ಹೊರಗೆ ಚೆಲ್ಲುತ್ತದೆ. ಬೆಚ್ಚಗಾದಂತೆ ಅನಿಸುತ್ತಿರುವಾಗಲೇ ಮೈ ತಣ್ಣಗಾಗುತ್ತಿರುತ್ತದೆ. ಗ್ರಾಮಿಗೆ 7 ಕ್ಯಾಲೊರಿ ಬೇರೆ.

ಸಾರಿನ ವಿಷಯದಲ್ಲಿ ವಿಜ್ಞಾನ ನಮ್ಮ ಅಜ್ಜಿಯರ ಪಕ್ಷ. ಅಮೆರಿಕದ ಪೆನ್ಸಿಲ್ವೇನಿಯಾ ಸ್ಟೇಟ್ ವಿಶ್ವವಿದ್ಯಾಲಯದ ಬಾರ್ಬರಾ ರೋಲ್ಸ್ 1999ರಲ್ಲಿ ಒಂದು ಚಂದದ ಪ್ರಯೋಗ ಪ್ರಕಟಿಸಿದರು. ಕೋಳಿ, ಅನ್ನ, ತರಕಾರಿಯ ಒಂದೇ ಅಡುಗೆಯನ್ನು ಊಟಕ್ಕೆ ಮುಂಚೆ ಮೂರು ಬಗೆಯಲ್ಲಿ ಕೊಟ್ಟರು: ಗಟ್ಟಿಯಾಗಿ ಹಾಗೇ, ಗಟ್ಟಿಯಾಗಿ ಜೊತೆಗೊಂದು ಲೋಟ ನೀರು, ಅದೇ ನೀರನ್ನು ಅಡುಗೆಗೆ ಬೆರೆಸಿ ಸೂಪು. ಸೂಪು ಕುಡಿದವರು ಆಮೇಲಿನ ಊಟದಲ್ಲಿ ಕಡಿಮೆ ತಿಂದರು. ಲೋಟದ ನೀರು ಆ ಕೆಲಸ ಮಾಡಲಿಲ್ಲ. ಊಟಕ್ಕೆ ಕೂರುವ ಮುಂಚೆ ಒಂದು ಲೋಟ ಮೆಣಸಿನ ಸಾರೋ ಹುರುಳಿ ಕಟ್ಟೋ ಕುಡಿದು ನೋಡಿ. ಎರಡನೇ ಸಲ ಅನ್ನ ಹಾಕಿಸಿಕೊಳ್ಳುವ ಕೈ ತಾನಾಗಿ ತಡೆಯುತ್ತದೆ. ಹಾಗೆಂದು ನೀರು ಬಿಡಬೇಡಿ. ಚಳಿಯಲ್ಲಿ ರಕ್ತ ಒಳಮೈಗೆ ಸರಿಯುವುದರಿಂದ ದಾಹವೇ ಗೊತ್ತಾಗುವುದಿಲ್ಲ, ಮೂತ್ರ ಮಾತ್ರ ಹೆಚ್ಚು. ಸುಸ್ತು, ತಲೆಭಾರ ಬಂದಾಗ ಬಿಸ್ಕತ್ತಿನ ಡಬ್ಬಿ ತೆಗೆಯುವ ಮುಂಚೆ ಒಂದು ಲೋಟ ಬಿಸಿ ಜೀರಿಗೆ ನೀರು ಕುಡಿದು ಹತ್ತು ನಿಮಿಷ ಕಾಯಬಹುದು.

ಕಳೆದ ಸಂಕ್ರಾಂತಿಯಲ್ಲಿ ನಾನೊಂದು ಹುಚ್ಚು ಕೆಲಸ ಮಾಡಿದೆ. ಮನೆಗೆ ಬಂದ ಎಳ್ಳು–ಬೆಲ್ಲದ ಪೊಟ್ಟಣಗಳನ್ನೆಲ್ಲ ಅಡುಗೆಮನೆಯ ಚಿಕ್ಕ ತಕ್ಕಡಿಯಲ್ಲಿ ತೂಗಿದೆ. ಒಟ್ಟು ಹದಿನೇಳು ಪೊಟ್ಟಣ, ಒಂದೊಂದೂ ಸುಮಾರು 30 ಗ್ರಾಂ. ಎಳ್ಳು, ಕಡಲೆಬೀಜ, ಕೊಬ್ಬರಿ, ಹುರಿಗಡಲೆ, ಬೆಲ್ಲ ಸಮಸಮ ಎಂದುಕೊಂಡರೆ ನೂರು ಗ್ರಾಮಿಗೆ ಐನೂರು ಕ್ಯಾಲೊರಿ ದಾಟುತ್ತದೆ. ಒಂದು ಪೊಟ್ಟಣಕ್ಕೆ 150 ಎಂದಿಟ್ಟುಕೊಳ್ಳಿ. ನನ್ನ ತೂಕದವನು ಒಂದು ಕಿಲೋಮೀಟರು ನಡೆದರೆ ಖರ್ಚಾಗುವುದು ಸುಮಾರು 50. ಅಂದರೆ ಪೊಟ್ಟಣಕ್ಕೆ ಮೂರು ಕಿಲೋಮೀಟರು, ಹದಿನೇಳಕ್ಕೆ ಐವತ್ತೊಂದು. ಬೆಂಗಳೂರಿನಿಂದ ರಾಮನಗರಕ್ಕೆ ನಡೆದುಕೊಂಡು ಹೋದ ಹಾಗೆ. ‘ಒಳ್ಳೆಯ ಮಾತಾಡೋದಕ್ಕೆ ಎಳ್ಳು ತಿನ್ನಿ ಅಂದ್ರೆ ನೀವು ಲೆಕ್ಕ ಮಾಡ್ತಾ ಕೂತಿದ್ದೀರಲ್ಲ’ ಎಂದು ಹೆಂಡತಿ ತಕ್ಕಡಿ ಕಿತ್ತುಕೊಂಡಳು. ಆ ಮಾತಿನಲ್ಲೂ ಸತ್ಯವಿತ್ತು. ಎಳ್ಳು–ಕಡಲೆಬೀಜ ಕೆಟ್ಟ ತಿನಿಸಲ್ಲ, ಒಳ್ಳೆಯ ಕೊಬ್ಬು, ಪ್ರೋಟೀನು, ಖನಿಜ ಎಲ್ಲವೂ ಇವೆ. ಕೊಟ್ಟವರ ಮುಂದೆ ಒಂದು ಚಿಟಿಕೆ ಬಾಯಿಗೆ ಹಾಕಿಕೊಂಡು ಉಳಿದದ್ದನ್ನು ಡಬ್ಬಿಗೆ ಸುರಿದು ಫೆಬ್ರವರಿ ಪೂರ್ತಿ ದಿನಕ್ಕೊಂದು ಚಮಚದಂತೆ ತಿಂದರಾಯಿತು. ನಾವು ಹಾಗೇ ಮಾಡಿದೆವು. ಶಿವರಾತ್ರಿಯ ಹೊತ್ತಿಗೆ ಡಬ್ಬಿ ಖಾಲಿ.

ಕಡಲೆಕಾಯಿಗೂ ಇಂಥದ್ದೇ ಉಪಾಯವಿದೆ. ಬಸವನಗುಡಿಯ ಪರಿಷೆಯಲ್ಲಿ ಕಾರ್ತಿಕದ ಕೊನೆಯ ಸೋಮವಾರ ಸೇರಿನ ಲೆಕ್ಕದಲ್ಲಿ ತಂದದ್ದು ಮನೆಯಲ್ಲಿ ಇದ್ದೇ ಇರುತ್ತದೆ. ಹುರಿದು ಸಿಪ್ಪೆ ತೆಗೆದ ಬೀಜ ನೂರು ಗ್ರಾಮಿಗೆ 570ರಷ್ಟು ಕ್ಯಾಲೊರಿ, ಟೀವಿ ಮುಂದೆ ಒಂದು ಬಟ್ಟಲು ಮುಗಿಯಲು ಐದು ನಿಮಿಷ. ಅದೇ ಕಾಯಿಯನ್ನು ಉಪ್ಪುನೀರಿನಲ್ಲಿ ಬೇಯಿಸಿದರೆ ನೀರು ಹೀರಿಕೊಂಡು ನೂರು ಗ್ರಾಮಿಗೆ 320ರ ಹತ್ತಿರ ನಿಲ್ಲುತ್ತದೆ. ಒಂದೊಂದೇ ಕಾಯಿ ಒಡೆದು, ಒಳಗಿನ ಬಿಸಿ ನೀರು ಹೀರಿ, ಬೀಜ ತಿನ್ನಬೇಕು. ಬೆರಳಿಗೆ ಕೆಲಸ, ಬಾಯಿಗೆ ವಿರಾಮ, ಅಂಗೈಗೆ ಬಿಸಿ. ಹಿದುಕಿದ ಅವರೆಯದೂ ಇದೇ ಕತೆ. ಈಗ ಮಾರುಕಟ್ಟೆಯಲ್ಲಿ ಹಿದುಕಿದ್ದೇ ಪೊಟ್ಟಣದಲ್ಲಿ ಸಿಗುತ್ತದೆ. ಮನೆಯಲ್ಲಿ ಒಮ್ಮೆ ಮಾಡಿ ನೋಡಿ. ರಾತ್ರಿ ನೆನೆಸಿದ ಕಾಳನ್ನು ಹೆಬ್ಬೆರಳು–ತೋರುಬೆರಳ ನಡುವೆ ಹಿಡಿದು ಒತ್ತಿದರೆ ಬೇಳೆ ಚಿಮ್ಮಿ ಪಾತ್ರೆಗೆ ಬೀಳುತ್ತದೆ, ಸಿಪ್ಪೆ ಬೆರಳಲ್ಲಿ ಉಳಿಯುತ್ತದೆ. ಒಂದು ಸೇರಿಗೆ ಮುಕ್ಕಾಲು ಗಂಟೆ ಬೇಕು. ಬೆರಳೆಲ್ಲ ಸೊಗಡು. ಸಂಜೆ ಏಳರಿಂದ ಎಂಟರವರೆಗೆ ಮನೆಮಂದಿಯೆಲ್ಲ ಇದಕ್ಕೆ ಕೂತರೆ ಚಿಪ್ಸಿನ ಪೊಟ್ಟಣ ಒಡೆಯಲು ಯಾರ ಕೈಯೂ ಖಾಲಿ ಇರುವುದಿಲ್ಲ.

ಚಳಿಗಾಲದಲ್ಲಿ ಒಂದು ಕೆಲಸ ಮಾತ್ರ ಬೇಡ. ಜನವರಿ ಒಂದನೇ ತಾರೀಖು ಶಪಥ ಮಾಡಿ ಅರೆಹೊಟ್ಟೆ ಶುರು ಮಾಡುವುದು. 1944–45ರಲ್ಲಿ ಮಿನ್ನೆಸೋಟ ವಿಶ್ವವಿದ್ಯಾಲಯದಲ್ಲಿ ಆನ್ಸೆಲ್ ಕೀಸ್ 36 ಆರೋಗ್ಯವಂತ ಯುವಕರ ಮೇಲೆ ಒಂದು ಪ್ರಯೋಗ ನಡೆಸಿದರು. ಆರು ತಿಂಗಳು ಅವರಿಗೆ ಅರೆ ಊಟ. ಅವರ ದೂರುಗಳಲ್ಲಿ ಒಂದು ಚಳಿ. ನಡುಬೇಸಿಗೆಯ ಜುಲೈನಲ್ಲೂ ಅವರಿಗೆ ಹೆಚ್ಚುವರಿ ಹೊದಿಕೆ ಬೇಕಿತ್ತು. ಊಟ ತೀರಾ ಕಡಿಮೆಯಾದಾಗ ಮೈ ಮೊದಲು ಉಳಿತಾಯ ಮಾಡುವುದು ಶಾಖದಲ್ಲಿ. ಹಸಿದವನಿಗೆ ಚಳಿ ಹೆಚ್ಚು, ಚಳಿಯಾದವನಿಗೆ ಬಜ್ಜಿ ಗಾಡಿ ಹತ್ತಿರ. ಹದಿನೈದನೇ ತಾರೀಖಿನ ಸಂಕ್ರಾಂತಿಗೆ ಶಪಥ ಮುರಿಯುವುದು ಮನೋಬಲದ ಕೊರತೆಯಿಂದಲೇ ಅಲ್ಲ. ಹೊತ್ತಿಗೆ ಸರಿಯಾಗಿ, ಬಿಸಿಯಾಗಿ, ತಟ್ಟೆಯ ಅರ್ಧ ಭಾಗ ತರಕಾರಿ–ಸೊಪ್ಪು ಇರುವಂತೆ ಊಟ ಮಾಡಿ, ಮಧ್ಯಾಹ್ನ ಊಟವಾದ ಮೇಲೆ ಬಿಸಿಲಲ್ಲಿ ಇಪ್ಪತ್ತು ನಿಮಿಷ ನಡೆದರೆ ಅಷ್ಟೇ ದೊಡ್ಡದು. ವಾರಕ್ಕೊಮ್ಮೆ, ಒಂದೇ ದಿನ, ಒಂದೇ ಹೊತ್ತಿಗೆ ತೂಕ ನೋಡಿ ಬರೆದಿಡಿ. ಮೂರು ಭಾನುವಾರ ಮುಳ್ಳು ಮೇಲಕ್ಕೇ ಸರಿದರೆ ಆ ಒಂದು ಚಮಚ ಎಲ್ಲಿಂದ ಬರುತ್ತಿದೆ ಎಂದು ಹುಡುಕಲು ಸಮಯವಿರುತ್ತದೆ.

ಕೆಲವರು ಮಾತ್ರ ಇದನ್ನು ಹವಾಮಾನದ ಮಾತೆಂದು ಬಿಡಬಾರದು. ಮನೆಯಲ್ಲಿ ಎಲ್ಲರಿಗಿಂತ ನಿಮಗೊಬ್ಬರಿಗೇ ಚಳಿ ಹೆಚ್ಚು, ತಿನ್ನುವುದು ಹೆಚ್ಚಾಗದಿದ್ದರೂ ತೂಕ ಏರುತ್ತಿದೆ, ಚರ್ಮ ಒಣಗಿದೆ, ಮಲಬದ್ಧತೆ, ಸದಾ ಸುಸ್ತು ಎಂದರೆ ಥೈರಾಯ್ಡ್ ಪರೀಕ್ಷೆ ಮಾಡಿಸಿ. ಚಳಿಯಲ್ಲಿ ರಕ್ತನಾಳ ಕುಗ್ಗುವುದರಿಂದ ಬಿಪಿ ಏರುತ್ತದೆ. ಸಕ್ಕರೆ ಕಾಯಿಲೆಯವರ ಸಕ್ಕರೆಯ ಮಟ್ಟವೂ ಈ ತಿಂಗಳುಗಳಲ್ಲಿ ಏರುವ ಕಡೆಗೇ ವಾಲುತ್ತದೆ. ಹೃದಯದ ತೊಂದರೆ ಇರುವವರು ತೂಕ ಇಳಿಸುವ ಉತ್ಸಾಹದಲ್ಲಿ ಮಂಜು ಸುರಿಯುವ ಐದು ಗಂಟೆಗೆ ಓಡುವ ಬದಲು ಬಿಸಿಲು ಬಿದ್ದ ಮೇಲೆ ನಡೆಯುವುದು ಲೇಸು.

ಈ ಲೇಖನ ಬರೆಯುವ ಮುನ್ನಾದಿನ ಮತ್ತೆ ಆ ಗಾಡಿಗೆ ಹೋಗಿದ್ದೆ. ಈ ಸಲ ಮನೆಯಿಂದ ಹೊರಡುವಾಗಲೇ ಸ್ವೆಟರು, ಕಾಲುಚೀಲ, ಕಿವಿ ಮುಚ್ಚುವ ಉಣ್ಣೆಯ ಟೋಪಿ ಹಾಕಿಕೊಂಡಿದ್ದೆ. ಒಂದು ಲೋಟ ಸಾರು ಕುಡಿದೂ ಆಗಿತ್ತು. ಬಾಣಲೆಯ ಮುಂದೆ ನಿಂತಾಗ ಅಂಗೈ ಬೆಚ್ಚಗಿತ್ತು, ಆಸೆ ಇತ್ತು, ಹಸಿವು ಇರಲಿಲ್ಲ. ಎರಡು ಸಾಕು ಎಂದೆ. ಯಾವಾಗಲೂ ಆರು ಕೊಡುವ ಗಾಡಿಯವನಿಗೆ ಆಶ್ಚರ್ಯ.

‘ಯಾಕ್ ಸಾರ್, ಎರಡೇನಾ?’

‘ಟೋಪಿ ಹಾಕಿದ್ದೀನಲ್ಲ’ ಎಂದೆ.

ಅವನು ಜಾಲರಿಯನ್ನು ಬಾಣಲೆಯ ಅಂಚಿಗೆ ಕುಟ್ಟಿ ನನ್ನನ್ನೇ ನೋಡಿದ. ‘ಯಾರಿಗೆ ಸಾರ್?’